ಬಿಳಿಚೋಡಿನ ಹುರುಳಿಯೂ ಮಹಿಳಾ ಕಪ್ಪೂ

ನಾವು ಹೊರಟ ದಿನ ಹೊನ್ನಾಳಿಯ ಸೇತುವೆಯ ಬಳಿ ಸೇರಿದ್ದ ಜನರನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಅರ್ಧಕ್ಕರ್ಧ ನಮ್ಮ ಹೈಸ್ಕೂಲಿನ ಮಕ್ಕಳು. ಅವತ್ತು ಶನಿವಾರ, ಬೆಳಗಿನ ಶಾಲೆ. ನಾನಾದರೋ ಕ್ರಮವಾಗಿ ರಜಾ ಅರ್ಜಿ ಬರೆದುಕೊಟ್ಟು ಬಂದವಳು. ಅವರು ಚಕ್ಕರ್ ಹೊಡೆದು ಬಂದವರು. "ಭೂಗೋಳ ಟೀಚರ್‌ಗೆ ಜೈ!" ಎಂದು ಕೂಗಿದವರ ಮುಖಗಳನ್ನು ಸೋಮವಾರಕ್ಕಾಗಿ ನೆನಪಿಟ್ಟುಕೊಂಡು ಕಾರು ಹತ್ತಿದೆ.

ಇದು ಎಂಬತ್ತರ ದಶಕದ ಮಾತು. ಆಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದ್ದಾಗಿತ್ತು. ಪರದೇಶದವರೂ ಭಾಗವಹಿಸುವ ದೊಡ್ಡ ಕಾರ್ ರ್‍ಯಾಲಿಯೊಂದು ಆ ವರ್ಷ ನಮ್ಮ ಸೀಮೆಗೆ ಬಂದಿತ್ತು. ಮುಂದೆ ಅವರ ಕಾರುಗಳು ಓಡುತ್ತವೆ, ಪೇಪರಿನಲ್ಲಿ ಫೋಟೊ ಅವರದೇ ಬರುತ್ತದೆ. ಅವರ ಧೂಳು ಇಳಿದ ಮೇಲೆ, ಅದೇ ದಾರಿಯಲ್ಲಿ, ಸಣ್ಣವರ ಸರಣಿಯೊಂದು ನಡೆಯುತ್ತದೆ: ಏನೂ ಮಾರ್ಪಾಡು ಮಾಡದ ಮನೆಬಳಕೆಯ ಕಾರುಗಳದ್ದು. ಆ ಸರಣಿಯ ಬಾಲದಲ್ಲಿ ಇನ್ನೊಂದು ಬಾಲವಿತ್ತು, ಮಹಿಳೆಯರ ಕಪ್. ನಾವು ಆ ಬಾಲದ ತುದಿ.

ಡ್ರೈವರ್ ಮುಮ್ತಾಜ್ ನನ್ನ ಹಳೆಯ ವಿದ್ಯಾರ್ಥಿನಿ. ನಕ್ಷೆ ಬರೆಯುವುದರಲ್ಲಿ ನನ್ನ ಕೈಯಿಂದಲೇ ಸೊನ್ನೆ ತೆಗೆದುಕೊಂಡವಳು. ಅದಕ್ಕೇ ಇರಬೇಕು, ಪಕ್ಕದಲ್ಲಿ ಕೂತು ದಾರಿ ಹೇಳಲು ನನ್ನನ್ನೇ ಹುಡುಕಿಕೊಂಡು ಬಂದಳು. ಕಾರು ಅವಳ ತಂದೆ ರಹೀಮ್ ಸಾಹೇಬರದು. ಹೊನ್ನಾಳಿಯಿಂದ ನ್ಯಾಮತಿಗೆ ಸೀಟಿಗೆ ಎರಡು ರೂಪಾಯಿಯಂತೆ ಜನರನ್ನು ಸಾಗಿಸುತ್ತಿದ್ದ ಅಂಬಾಸಡರ್ ಟ್ಯಾಕ್ಸಿ. ಬಾಗಿಲ ಮೇಲೆ ರ್‍ಯಾಲಿಯ ನಂಬರ್ ಬರೆಸಿದ್ದರೂ ಅದರ ಕೆಳಗೆ "ಹೊನ್ನಾಳಿ–ನ್ಯಾಮತಿ" ಎಂಬ ಹಳದಿ ಅಕ್ಷರ ಹಾಗೇ ಕಾಣುತ್ತಿತ್ತು.

ಮುಮ್ತಾಜಳಿಗೆ ಬೇಕಾಗಿದ್ದದ್ದು ಒಂದೇ, ಆ ಟ್ಯಾಕ್ಸಿ. ತಾನೇ ಅದನ್ನು ನ್ಯಾಮತಿ ಲೈನಿಗೆ ಓಡಿಸಬೇಕು ಎಂದು ಎರಡು ವರ್ಷದಿಂದ ತಂದೆಯ ಬೆನ್ನು ಹತ್ತಿದ್ದಳು. ಹೆಣ್ಣುಮಗಳು ಲೈನಿಗೆ ಹೋದರೆ ಊರು ಏನನ್ನುತ್ತದೋ ಎಂಬುದು ಸಾಹೇಬರ ಚಿಂತೆ. ಕೊನೆಗೆ ಅವರು ನನ್ನೆದುರೇ ಮಾತು ಕೊಟ್ಟರು.

"ನೋಡ್ರಿ ಟೀಚರಮ್ಮ, ಕಪ್ ತಂದ್ಲು ಅಂದ್ರೆ ಊರ ಬಾಯಿ ಮುಚ್ಚತೈತೆ. ಗಾಡಿ ಇವಳದೇ. ತರಲಿಲ್ಲ ಅಂದ್ರೆ ಸೋಮವಾರದಿಂದ ಡ್ರೈವರ್ ಇಡ್ತೀನಿ. ಆಮೇಲೆ ಈ ಮಾತು ನಮ್ಮನೇಲಿ ಎತ್ತಂಗಿಲ್ಲ."

ಸರಣಿಯಲ್ಲಿ ಒಟ್ಟು ಮೂರು ಸುತ್ತು. ಮೊದಲನೆಯದನ್ನು ಬೆಂಗಳೂರಿನ ಹಲ್ಲಿನ ಡಾಕ್ಟರ್ ವಸಂತಾ ಗೆದ್ದಿದ್ದರು, ಎರಡನೆಯದನ್ನು ನಾವು. ಮೂರನೆಯದು, ಅಂದರೆ ತೀರ್ಮಾನದ್ದು, ನಮ್ಮ ಮನೆಬಾಗಿಲಿನಲ್ಲೇ.

ಮನೆಬಾಗಿಲಿನ ಅನುಕೂಲವೆಲ್ಲ ನ್ಯಾಮತಿ ರಸ್ತೆಯಲ್ಲಿ ಅರ್ಥವಾಯಿತು. ಜನವರಿಯ ಬೆಳಗು, ತಣ್ಣನೆಯ ಗಾಳಿ, ಮುಮ್ತಾಜ್ ಹುಮ್ಮಸ್ಸಿನಿಂದ ಓಡಿಸುತ್ತಿದ್ದಳು. ದಾರಿಯುದ್ದಕ್ಕೂ ಜನ ಕೈ ಬೀಸುತ್ತಿದ್ದರು. ಎಷ್ಟು ಪ್ರೀತಿ ನಮ್ಮೂರವರಿಗೆ ಎಂದು ನಾನೂ ಕಿಟಕಿಯಿಂದ ಕೈ ಬೀಸಿದೆ. ಒಬ್ಬರು ಮುದುಕರು ಮಾತ್ರ ನೇರ ರಸ್ತೆಯ ನಡುವೆ ಬಂದು ನಿಂತರು. ಬ್ರೇಕ್ ಹಾಕಲೇಬೇಕಾಯಿತು. ಅವರು ಕಂಕುಳಲ್ಲಿ ಒಂದು ಕೋಳಿ ಇಟ್ಟುಕೊಂಡು, ಹಿಂದಿನ ಬಾಗಿಲು ತೆಗೆದು, ಸಮಾಧಾನವಾಗಿ ಕೂತರು.

"ನ್ಯಾಮತಿ," ಎಂದರು.

"ಅಜ್ಜಾರೆ, ಇದು ರೇಸು. ಇಬ್ಬರೇ ಇರಬೇಕು. ಇಳೀರಿ," ಎಂದೆ.

"ಸೀಟು ಖಾಲಿ ಐತಲ್ಲವ್ವ."

"ಖಾಲಿ ಇರಬೇಕು ಅಂತಲೇ ನಿಯಮ!"

"ಖಾಲಿ ಹೊಡೆಯಾಕೆ ರಹೀಮ್ ಸಾಬ್ರಿಗೆ ಏನು ಬಂದೈತೆ?" ಎಂದು ಅವರು ಕೋಳಿಯನ್ನು ನೋಡಿ ಹೇಳಿದರು. ಆಮೇಲೆ ಮುಂದೆ ಬಾಗಿ, ಸ್ಟೇರಿಂಗ್ ಹಿಡಿದವಳನ್ನು ನೋಡಿ, "ಮಗಳಾ? ಹೋಗ್ಲಿ ಬಿಡು, ಮೆಲ್ಲಕೆ ಹೊಡಿ," ಎಂದರು.

ಅವರನ್ನು ಇಳಿಸಲು ನಾನು ಕೋಳಿಯನ್ನು ಹಿಡಿದು ಕೆಳಗಿಡಬೇಕಾಯಿತು. ಕೋಳಿ ಓಡಿತು, ಅದರ ಹಿಂದೆ ಅವರು ಓಡಿದರು, ನಾವು ಹೊರಟೆವು. ಆಮೇಲೆ ನಾನು ಯಾರಿಗೂ ಕೈ ಬೀಸಲಿಲ್ಲ.

ನ್ಯಾಮತಿಯ ಆಚೆ ಒಂದು ತಿರುವಿನಲ್ಲಿ ಮೈಸೂರಿನ ಇಬ್ಬರು ಕಾಲೇಜು ಹುಡುಗಿಯರ ಕಾರು ಚರಂಡಿಗೆ ಇಳಿದು ನಿಂತಿತ್ತು. ಹುಡುಗಿಯರು ದಂಡೆಯ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದರು. ನಮ್ಮನ್ನು ಕಂಡು ಖುಷಿಯಾಗಿಯೇ ಕಬ್ಬು ತೋರಿಸಿದರು. ಅಲ್ಲಿಗೆ ಮಹಿಳಾ ಕಪ್ಪಿನಲ್ಲಿ ಉಳಿದದ್ದು ನಾವು ಮತ್ತು ಡಾಕ್ಟರ್, ಎರಡೇ ಕಾರು.

ಅಲ್ಲಿಂದ ಹಿಂದಕ್ಕೆ ಬಂದು ಹೊನ್ನಾಳಿ ದಾಟಿ ಬಸವಾಪಟ್ಟಣದ ದಾರಿ ಹಿಡಿದೆವು. ಸಂಘಟಕರು ಕೊಟ್ಟಿದ್ದ ದಾರಿಪುಸ್ತಕದಲ್ಲಿ "ನೀಲಿ ಬಣ್ಣದ ಚಹಾ ಅಂಗಡಿಯಲ್ಲಿ ಬಲಕ್ಕೆ" ಎಂದಿತ್ತು. ಪುಸ್ತಕ ಬರೆದವರು ಮಳೆಗಾಲದಲ್ಲಿ ಬಂದಿದ್ದರಂತೆ. ಸಂಕ್ರಾಂತಿಗೆ ಅಂಗಡಿಯವನು ಹಸಿರು ಬಣ್ಣ ಹೊಡೆಸಿದ್ದ. ನೀಲಿ ಅಂಗಡಿ ಹುಡುಕುತ್ತ ನಾನು ಬಸವಾಪಟ್ಟಣವನ್ನು ಎರಡು ಸಲ ಸುತ್ತಿಸಿದೆ. ಮೂರನೆಯ ಸಲ ಅಂಗಡಿಯವನೇ ಎದ್ದು ಬಂದು, "ಅಕ್ಕಾರೆ, ಎಲ್ಲಾ ಕಾರು ಹಿಂಗೇ ಸುತ್ತಾಕತ್ತಾವೆ. ಚಾ ಕುಡಿದು ಹೋಗ್ರಿ," ಎಂದು ಗ್ಲಾಸು ಹಿಡಿದ. ಎಂಟಾಣೆಯ ಚಹಾ, ಶುಂಠಿ ಚೆನ್ನಾಗಿ ಬಿದ್ದಿತ್ತು. ಕಾರಿನಲ್ಲೇ ಕುಡಿದು, ಗ್ಲಾಸು ವಾಪಸ್ ಕೊಟ್ಟು, ಕತ್ತಲಗೆರೆಯ ಗದ್ದೆಗಳ ನಡುವೆ ಹಾಯ್ದು ಸಂಜೆಗೆ ಚನ್ನಗಿರಿ ಸೇರಿದೆವು. ಡಾಕ್ಟರ್ ಕೂಡ ಅದೇ ಅಂಗಡಿಯನ್ನು ಸುತ್ತಿದ್ದರಂತೆ, ನಮಗಿಂತ ಹೆಚ್ಚೇ. ಹಾಗಾಗಿ ಮೊದಲ ದಿನದ ಲೆಕ್ಕದಲ್ಲಿ ನಾವು ತುಸು ಮುಂದಿದ್ದೆವು.

ಚನ್ನಗಿರಿಯಲ್ಲಿ ಹೆಂಗಸರಿಗೆಲ್ಲ ಪ್ರವಾಸಿ ಮಂದಿರದ ಒಂದೇ ಕೋಣೆ. ಡಾಕ್ಟರ್ ವಸಂತಾ ಮತ್ತು ದಾರಿ ಹೇಳುವ ಅವರ ನಾದಿನಿ ಮಾಲಿನಿ ಒಂದು ಮಂಚ, ನಾವು ಇನ್ನೊಂದು. ಡಾಕ್ಟರ್ ಕೆಟ್ಟವರೇನಲ್ಲ. ಆದರೆ ಮಾತಾಡುವಾಗ ನಮ್ಮ ಕಣ್ಣು ನೋಡದೆ ಹಲ್ಲು ನೋಡುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ನಾಲ್ವರೂ ಒಂದೇ ಪೇಪರಿನ ಮೇಲೆ ಹಾಕಿಕೊಂಡು ತಿಂದೆವು. ಆಗಲೇ ಮಾಲಿನಿ ನಿಯಮದ ಪುಸ್ತಕ ತೆಗೆದು ಓದಿದ್ದು: ಒಂದು ವರ್ಗದಲ್ಲಿ ಕನಿಷ್ಠ ಎರಡು ಕಾರು ಕೊನೆ ಮುಟ್ಟದಿದ್ದರೆ ಆ ವರ್ಗಕ್ಕೆ ಕಪ್ಪೇ ಇಲ್ಲ.

ಮೆಣಸಿನಕಾಯಿ ಕಚ್ಚಿದ್ದ ಎಲ್ಲರ ಬಾಯಿ ಹಾಗೇ ನಿಂತಿತು.

"ಅಂದರೆ ನೀವು ಕೆಟ್ಟು ನಿಂತರೆ ನಮಗೂ ಇಲ್ಲ," ಎಂದರು ಡಾಕ್ಟರ್.

"ನೀವು ನಿಂತ್ರೆ ನಮಗೂ ಇಲ್ರಿ," ಎಂದಳು ಮುಮ್ತಾಜ್.

ಆ ಕ್ಷಣದಿಂದ ಒಬ್ಬರ ಕಾರಿನ ಆರೋಗ್ಯದ ಬಗ್ಗೆ ಇನ್ನೊಬ್ಬರಿಗೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಡಾಕ್ಟರ್ ನಮ್ಮ ಕಾರಿಗೆ ಎಣ್ಣೆ ಸರಿಯಾಗಿದೆಯೇ ಎಂದು ಕೇಳಿದರು. ಮುಮ್ತಾಜ್ ಹೋಗಿ ಅವರ ಬಿಳಿ ಫಿಯಟ್ಟಿನ ಟೈರಿನ ಗಾಳಿ ನೋಡಿ ಬಂದಳು.

ಭಾನುವಾರ ಬೆಳಗ್ಗೆ ಚನ್ನಗಿರಿ ಬಿಟ್ಟು ದಾವಣಗೆರೆಯ ಹೊರಗಿನಿಂದಲೇ ಹಾದು ಜಗಳೂರಿನ ಕಡೆಗೆ ತಿರುಗಿದೆವು. ಹಸಿರು ಹಿಂದೆ ಉಳಿಯಿತು. ಬಯಲು, ಕುರಿಮಂದೆ, ಜಾಲಿಮರ, ಎದುರಿನಿಂದ ಬೀಸುವ ಒಣಗಾಳಿ. ಜಗಳೂರಿನಲ್ಲಿ ನಮ್ಮ ಸಮಯಚೀಟಿಗೆ ಮುದ್ರೆ ಒತ್ತುವವನ ಛತ್ರಿ ಆ ಗಾಳಿಗೆ ಹಾರಿಹೋಗಿ, ಅವನು ಅದನ್ನು ಹಿಡಿದು ತರುವವರೆಗೂ ಕಾಯಬೇಕಾಯಿತು. ಕಣ್ಣಲ್ಲಿ ಮೂಗಲ್ಲಿ ಮಣ್ಣು. ಅಲ್ಲಿಂದ ಬಿಳಿಚೋಡಿನ ಮೇಲೆ ದಾವಣಗೆರೆಗೆ ಹೋಗಿ ಮುಟ್ಟಿದರೆ ರ್‍ಯಾಲಿ ಮುಗಿಯಿತು. ಡಾಕ್ಟರರ ಕಾರು ನಮಗಿಂತ ಸ್ವಲ್ಪ ಮುಂಚೆ ಹೊರಟಿತ್ತು. ಅವರ ಬೆನ್ನು ಬಿಡದೆ ಹೋದರೆ ಸಾಕು, ಕಪ್ಪು ನಮ್ಮದೇ. ಮುಮ್ತಾಜ್ ಆಗಲೇ ಟ್ಯಾಕ್ಸಿಯ ಸೀಟಿಗೆ ಹೊಸ ಕವರ್ ಯಾವ ಬಣ್ಣದ್ದಿರಬೇಕು ಎಂದು ಕೇಳತೊಡಗಿದ್ದಳು.

ಬಿಳಿಚೋಡಿನ ಸಮೀಪ ಒಂದು ತಿರುವು ಕಳೆದದ್ದೇ ಅವಳು ಎರಡೂ ಕಾಲಿನಿಂದ ಬ್ರೇಕ್ ಒತ್ತಿದಳು. ರಸ್ತೆ ಕಾಣುತ್ತಿರಲಿಲ್ಲ. ಕಣ್ಣು ಹಾಯುವಷ್ಟು ದೂರ, ಈ ಅಂಚಿನಿಂದ ಆ ಅಂಚಿನವರೆಗೆ, ಒಣಗಿದ ಹುರುಳಿ ಬಳ್ಳಿಯನ್ನು ಹರಡಿದ್ದರು. ಅದರ ನಡುವೆ ಬಿಳಿ ಫಿಯಟ್ ಅಡ್ಡಡ್ಡ ನಿಂತಿತ್ತು. ಕೆಳಗಿನಿಂದ ಹೊಗೆ ಬರುತ್ತಿತ್ತು. ಬಳ್ಳಿಯೆಲ್ಲ ಕಾರಿನಡಿಯ ಶಾಫ್ಟಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿದಿತ್ತು. ಡಾಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಮಾಲಿನಿ ಹುರುಳಿಯ ಬಗ್ಗೆ ಏನಾದರೂ ಇದೆಯೇ ಎಂದು ನಿಯಮದ ಪುಸ್ತಕ ತಿರುವುತ್ತಿದ್ದಳು. ಸುತ್ತಲೂ ಕವೆಕೋಲು ಹಿಡಿದ ಊರವರು, ಯಾರ ಮುಖದಲ್ಲೂ ತಪ್ಪು ಮಾಡಿದ ಕಳೆ ಇರಲಿಲ್ಲ.

ನಮ್ಮ ಕಡೆ ಇದು ಹೊಸದೇನಲ್ಲ. ಕೊಯ್ದದ್ದನ್ನು ಟಾರು ರಸ್ತೆಗೆ ಹಾಕಿದರೆ ಬಸ್ಸು ಲಾರಿಗಳು ಓಡಾಡಿ ಪುಕ್ಕಟೆ ಒಕ್ಕಿಕೊಡುತ್ತವೆ. ಆದರೆ ರ್‍ಯಾಲಿಯ ದಿನವೇ!

"ಯಾರ್ರೀ ರಸ್ತೆ ತುಂಬ ಹಾಕಿದೋರು?" ಎಂದು ಕ್ಲಾಸಿನ ದನಿ ತೆಗೆದೆ.

ಕೆಂಚಮ್ಮ ಎಂಬ ಅಜ್ಜಿ ಮುಂದೆ ಬಂದರು. ಹುರುಳಿ ಅವರ ಹೊಲದ್ದು. "ಡಂಗುರ ಹೊಡ್ಸಿದ್ರಲ್ಲವ್ವ! ಇವತ್ತು ಬಸ್ಸಿಲ್ಲ, ದನ ಬಿಡಂಗಿಲ್ಲ, ಎತ್ತಿನ ಗಾಡಿ ಹೂಡಂಗಿಲ್ಲ, ಬರೀ ಕಾರೇ ಬರ್ತಾವೆ, ಒಂದರ ಹಿಂದೆ ಒಂದು ಅಂತ. ಒಕ್ಕಾಕೆ ಇದಕ್ಕಿಂತ ಒಳ್ಳೇ ದಿನ ಯಾವ್ದೈತೆ?"

ನಾನು ಕೈಯಲ್ಲಿದ್ದ ದಾರಿಪುಸ್ತಕ ಮಡಚಿದೆ.

"ಮುಂದ್ಲವು ಬಂದ್ವು ನೋಡು, ಮೈಗೆ ಬೆಂಕಿ ಬಿದ್ದಂಗೆ," ಎಂದು ಅಜ್ಜಿ ಮುಂದುವರಿಸಿದರು. "ಕಾಳೆಲ್ಲ ಬೇಲಿಗೆ ಎಸೆದು ಹೋದ್ವು. ಪರದೇಶದ ಕಾರಿಗೆ ಒಕ್ಕಾಕೆ ಬರಲ್ಲವ್ವ. ಮತ್ತೆ ಎಲ್ಲಾ ಬಳಿದು ಹಾಕಿದ್ವಿ. ಈ ಬಿಳೀದು ಬಂದು ನಡುವೆ ಕೂತ್ಬಿಡ್ತು." ಆಮೇಲೆ ಸಂತೆಯಲ್ಲಿ ಎತ್ತು ನೋಡುವ ಹಾಗೆ ನಮ್ಮ ಟ್ಯಾಕ್ಸಿಯನ್ನು ಹಿಂದೆ ಮುಂದೆ ನೋಡಿದರು. "ಇದು ಚೆನ್ನಾಗೈತೆ. ತೂಕ ಐತೆ, ನಿಧಾನ ಐತೆ."

ರ್‍ಯಾಲಿಯ ಕಾರಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮುಮ್ತಾಜಳ ಮುಖ ಕೆಂಪಾಯಿತು.

ಪಕ್ಕದ ಹೊಲದಲ್ಲಿ ಇಳಿಸಿಕೊಂಡು ಹೋಗಿಬಿಡುವಷ್ಟು ಜಾಗವಿತ್ತು. ಹೋದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರ್ ಇಲ್ಲೇ ಉಳಿದರೆ ಕೊನೆ ಮುಟ್ಟುವುದು ಒಂದೇ ಕಾರು, ಕಪ್ಪಿಲ್ಲ. ಗೆಲ್ಲಬೇಕಾದರೆ ಎದುರಾಳಿಯನ್ನು ಎಬ್ಬಿಸಿ ಓಡಿಸಬೇಕು. ಕೆಂಚಮ್ಮನಿಗೆ ಈ ಲೆಕ್ಕ ಯಾರೂ ಹೇಳಿಕೊಡಲಿಲ್ಲ, ಆದರೂ ಮಾತು ಮುಗಿಸಿದವರು ಅವರೇ. "ನೀವು ನಾಕು ಸಲ ಹಿಂದಕ್ಕೆ ಮುಂದಕ್ಕೆ ಹೊಡೀರಿ. ಅಷ್ಟರಾಗೆ ನಮ್ಮ ಹೆಣ್ಮಕ್ಳು ಕುಡುಗೋಲು ಹಾಕಿ ಅದರ ಹೊಟ್ಟೆ ಬಿಡಿಸ್ತಾರೆ."

ಹಾಗೆ ನಾವು ಒಕ್ಕಿದೆವು. ಮುಮ್ತಾಜ್ ಒಂದನೆಯ ಗೇರಿನಲ್ಲಿ ಹೋಗುವುದು, ಕೊನೆಯಲ್ಲಿ ತಿರುಗಿಸುವುದು, ಬರುವುದು. ಚಕ್ರದಡಿ ಹುರುಳಿ ಕಾಯಿ ಪಟಪಟನೆ ಒಡೆಯುತ್ತಿತ್ತು. ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗುತ್ತಿದ್ದೆ: "ಎಡಕ್ಕೆ! ಅಲ್ಲೊಂದು ಪಟ್ಟೆ ಉಳೀತು! ಈಗ ಬಲಕ್ಕೆ, ಬೇಲಿ ಕಡೆ!" ಎರಡು ದಿನದಲ್ಲಿ ನಾನು ತಪ್ಪಿಲ್ಲದೆ ದಾರಿ ಹೇಳಿದ್ದು ಅಲ್ಲೇ. ಜನ ಕವೆಕೋಲಿನಿಂದ ಬಳ್ಳಿ ತಿರುವಿ ಹಾಕುತ್ತ, "ಭಲೆ ಮಗಳೇ!" ಎನ್ನುತ್ತಿದ್ದರು. ಎಲ್ಲೂ ಸಿಗದಿದ್ದ ಚಪ್ಪಾಳೆ ಅಲ್ಲಿ ಸಿಕ್ಕಿತು. ಮುಮ್ತಾಜಳೂ ನಗತೊಡಗಿದಳು.

ನಾಲ್ಕನೆಯ ಸಲ ಮುಗಿಯುವ ಹೊತ್ತಿಗೆ ಫಿಯಟ್ ಬಿಡುಗಡೆಯಾಗಿ ಗುರ್ ಎಂದಿತು. ಡಾಕ್ಟರ್ ಕಿಟಕಿಯಿಂದ ಕರವಸ್ತ್ರ ಆಡಿಸಿ, "ಥ್ಯಾಂಕ್ಸ್!" ಎಂದು ಕೂಗಿ ಹೊರಟೇಬಿಟ್ಟರು. ನನ್ನ ಮೈಯೆಲ್ಲ ಉರಿಯಿತು. ಯಾರ ದೆಸೆಯಿಂದ ಎದ್ದ ಕಾರು ಅದು? "ಹೊಡಿ ಮುಮ್ತಾಜ್, ಬಿಡಬೇಡ!" ಎಂದೆ.

ಕಾರು ಅಲ್ಲಾಡಲಿಲ್ಲ. ಕೆಂಚಮ್ಮ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಿದ್ದರು.

"ಎಲ್ಲಿಗೆ? ಕಣದಾಗೆ ದುಡಿದೋರು ಬರಿಗೈಲಿ ಹೋಗಂಗಿಲ್ಲ. ನಿಮ್ಮ ಪಾಲು ತೂರಿ ಕೊಡ್ತೀವಿ, ತಗೊಂಡು ಹೋಗ್ರಿ."

"ಬೇಡ ಅಜ್ಜಿ, ಹೊತ್ತಾಗ್ತದೆ!"

"ನಿಮಗೆ ಕೊಡದೆ ಕಣದ ರಾಶಿ ಮನೆಗೆ ಒಯ್ಯಾಕೆ ಬರ್ತೈತೇನವ್ವ?"

ಹೆಂಗಸರು ಮೊರದಲ್ಲಿ ಕಾಳು ತುಂಬಿ ತಲೆಯೆತ್ತರಕ್ಕೆ ಎತ್ತಿ ನಿಂತರು. ನಿಂತೇ ಇದ್ದರು. ಬೆಳಗಿನಿಂದ ಕಣ್ಣಿಗೆ ಮಣ್ಣೆರಚಿದ ಆ ಜಗಳೂರಿನ ಗಾಳಿ ಅದೇ ಗಳಿಗೆಗೆ ಸತ್ತುಹೋಗಿತ್ತು. ಒಂದು ಎಲೆ ಆಡಲಿಲ್ಲ. "ಹೊಟ್ಟಿನ ಸಮೇತ ಕೊಟ್ಟುಬಿಡಿ, ಮನೆಯಲ್ಲಿ ಕೇರಿಕೊಳ್ತೇವೆ," ಎಂದು ಗೋಗರೆದೆ. "ಹೊಟ್ಟು ಕೊಡೋರು ಅಂದ್ಕಂಡ್ಯಾ ನಮ್ಮನ್ನ?" ಎಂದು ಅಜ್ಜಿ ನನ್ನ ಮೇಲೇ ಸಿಟ್ಟಾದರು.

"ತಪ್ಪಿಸಿಕೊಂಡು ಹೋಗೋಣ ಕಣೇ," ಎಂದು ಮುಮ್ತಾಜಳ ಕಿವಿಯಲ್ಲಿ ಹೇಳಿದೆ.

ಅವಳು ಅಜ್ಜಿಯ ಕೈ ನೋಡಿದಳು. ರಸ್ತೆ ನೋಡಿದಳು, ಫಿಯಟ್ಟಿನ ಧೂಳು ಕೂಡ ಉಳಿದಿರಲಿಲ್ಲ. "ಅಜ್ಜಿ ಕೈ ಗಾಡಿ ಮೇಲೈತೆ ಟೀಚರ್. ಹೆಂಗೆ ಎಳೀಲಿ?" ಎಂದು ಎಂಜಿನ್ ಆರಿಸಿದಳು. ಅವಳ ಕಣ್ಣಲ್ಲಿ ನೀರಿತ್ತು.

ಕೊನೆಗೂ ಗಾಳಿ ಬಂತು. ಕಾಳು ನೆಟ್ಟಗೆ ಬಿತ್ತು, ಹೊಟ್ಟು ಹಾರಿ ನಮ್ಮ ತಲೆಗೂದಲು ಸೇರಿತು. ಅಳೆಯಲು ಬೇರೇನೂ ಕೈಗೆ ಸಿಗದೆ ಅಜ್ಜಿ ಮುಮ್ತಾಜಳ ಹೆಲ್ಮೆಟ್ಟನ್ನೇ ತೆಗೆದುಕೊಂಡು, ಅದರ ತುಂಬ ಹುರುಳಿ ಹಾಕಿ, ಮೇಲೊಂದು ಹಿಡಿ ಸೇರಿಸಿ ನನ್ನ ಕೈಚೀಲಕ್ಕೆ ಸುರಿದರು. "ಈಗ ಹೋಗ್ರಿ, ಒಳ್ಳೇದಾಗ್ಲಿ," ಎಂದರು.

ದಾವಣಗೆರೆಯವರೆಗೆ ನಾನು ತಲೆಗೂದಲಿನಿಂದ ಹೊಟ್ಟು ಹೆಕ್ಕುತ್ತ ಕೂತೆ. ಕೊನೆಯ ಗೆರೆ ಒಂದು ಹೈಸ್ಕೂಲಿನ ಮೈದಾನದಲ್ಲಿತ್ತು. ಗೇಟು ಕಾಣುವಷ್ಟರಲ್ಲಿ ಯಾರೋ ಸೀರೆಯ ನೆರಿಗೆ ಎತ್ತಿಕೊಂಡು ನಮ್ಮ ಕಡೆಗೆ ಓಡಿಬರುತ್ತಿದ್ದರು. ಮಾಲಿನಿ! "ಬೇಗ ಬನ್ನಿ, ಬೇಗ! ಇನ್ನೇನು ಬಾಗಿಲು ಹಾಕ್ತಾರೆ! ನೀವು ಬರದಿದ್ದರೆ ನಮಗೂ ಕಪ್ಪಿಲ್ಲ!"

ನನಗೆ ಒಳ್ಳೆಯ ಬುದ್ಧಿ ಹೊಳೆಯಿತು. "ಇಲ್ಲೇ ಆರಿಸು. ಚಹಾ ಕುಡಿಯೋಣ. ಥ್ಯಾಂಕ್ಸ್ ಅಂದಳಲ್ಲ ಆ ಡಾಕ್ಟರು, ಈಗ ಅನ್ನಲಿ."

ಮುಮ್ತಾಜ್ ನಿಲ್ಲಿಸಿದಳು. ಒಂದು ಗಳಿಗೆ ಗೇಟು ನೋಡುತ್ತ ಕೂತಳು. ಗೇಟಿನ ಒಳಗೆ ಬಿರಿಯಾನಿಯ ಡಬ್ಬಿ ಹಿಡಿದು ನಿಂತಿದ್ದ ರಹೀಮ್ ಸಾಹೇಬರು ಕಾಣುತ್ತಿದ್ದರು.

"ಎರಡು ದಿನ ಓಡಿಸೀನಿ ಟೀಚರ್. ಮುಗಿಸದೆ ಹೆಂಗೆ ಇರ್ಲಿ?" ಎಂದಳು. ಗೇರ್ ಹಾಕಿ ಒಳಗೆ ಹೋದಳು.

ಕಪ್ಪು ಡಾಕ್ಟರಿಗೆ ಹೋಯಿತು. ಅವರು ನಮ್ಮ ಬಳಿ ಬಂದು ಏನೋ ಹೇಳಹೊರಟರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಹಲ್ಲು ನೋಡಲೂ ಸಿಗದ ಹಾಗೆ. ಸಾಹೇಬರು ಕಾರಿನ ಸುತ್ತ ಒಂದು ಸಲ ನಡೆದರು. ಟೈರು ಒತ್ತಿದರು, ಬಗ್ಗಿ ಕೆಳಗೆ ನೋಡಿದರು.

"ಸೋತೆ ಅಬ್ಬಾ," ಎಂದಳು ಮುಮ್ತಾಜ್. "ಸೋಮವಾರ ಡ್ರೈವರ್‌ಗೆ ಬರಾಕೆ ಹೇಳ್ರಿ."

ಸಾಹೇಬರು ಸೀಟಿನ ಮೇಲಿದ್ದ ಚೀಲ ಮುಟ್ಟಿದರು. "ಇದೇನು?"

ನಾನು ಹೇಳಿದೆ. ಡಂಗುರ, ಅಜ್ಜಿ, ನಾಲ್ಕು ಸಲ, ಸತ್ತುಹೋದ ಗಾಳಿ, ಎಲ್ಲವನ್ನೂ ಸಿಟ್ಟಿನಿಂದಲೇ ಹೇಳಿದೆ. ಅವರು ಕೇಳುತ್ತ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹುರುಳಿ ತೆಗೆದರು. ಬೆಳಗಿನ ಮೊದಲ ಗಿರಾಕಿಯ ದುಡ್ಡನ್ನು ಒತ್ತಿಕೊಳ್ಳುವ ಹಾಗೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

"ಅವರ ಕೆಲಸಕ್ಕೆ ಗಾಡಿ ಓಡಿತು, ಅವರು ಕೊಟ್ರು. ಇದು ಬಾಡಿಗೆ ಅಲ್ಲೇನ್ರಿ ಟೀಚರಮ್ಮ?"

"ಹುರುಳಿ ಸಾಹೇಬ್ರೆ."

"ಬೋಣಿ ಹುರುಳಿ ಆದ್ರೇನು, ರೂಪಾಯಿ ಆದ್ರೇನು? ಇವಳು ಸ್ಟೇರಿಂಗ್ ಹಿಡಿದು ದುಡಿದ ಮೊದಲ್ನೇ ಬಾಡಿಗೆ. ಬೋಣಿ ಆದ ಮೇಲೆ ದುಡಿದೋರ ಕೈಯಿಂದ ವ್ಯಾಪಾರ ಕಿತ್ಕೊಳ್ಳಾಕೆ ಬರ್ತೈತಾ? ನಾನು ಹಂಗೆ ಮಾಡಿದೋನಲ್ಲ."

ಮುಮ್ತಾಜ್ ಅವರನ್ನೇ ನೋಡುತ್ತ ನಿಂತಳು. ನಾನು ಅತ್ತುಬಿಟ್ಟೆ. ಕಣ್ಣಿಗೆ ಹೊಟ್ಟು ಬಿದ್ದಿದೆ ಎಂದು ಸುಳ್ಳು ಹೇಳಲೂ ಆಗಲಿಲ್ಲ.

ಬಿರಿಯಾನಿ ಮುಗಿಸಿ ಹೊರಡುವಾಗ ಸಾಹೇಬರು ರೂಢಿಯಂತೆ ಮುಂದಿನ ಬಾಗಿಲಿಗೆ ಹೋಗಿ, ಏನೋ ನೆನಪಾದವರಂತೆ ಹಿಂದಿನ ಬಾಗಿಲು ತೆಗೆದು ಕೂತರು. ಊರು ದಾಟುವವರೆಗೆ ಹೇಗೋ ಸುಮ್ಮನಿದ್ದರು. ಆಮೇಲೆ ತಡೆಯಲಾರದೆ ಮುಂದೆ ಬಾಗಿದರು.

"ಎಡಕ್ಕೆ ತಗೋ. ಎತ್ತಿನ ಗಾಡಿ ಐತೆ. ಇಷ್ಟು ಜೋರು ಬ್ಯಾಡ."

ಮುಮ್ತಾಜ್ ಕನ್ನಡಿಯಲ್ಲಿ ಅವರನ್ನು ನೋಡಿದಳು. "ಈ ಗಾಡಿ ಯಾರ್ದು ಅಬ್ಬಾ?"

ಸಾಹೇಬರು ಗಡ್ಡ ಕೆರೆದುಕೊಂಡರು. ಕಿಟಕಿಯ ಆಚೆ ನೋಡಿದರು.

"ನಿಂದೇ ಕಣಮ್ಮ," ಎಂದು ಸೀಟಿಗೆ ಒರಗಿದರು. ಹೊನ್ನಾಳಿಯ ಸೇತುವೆ ಬರುವವರೆಗೆ ಮತ್ತೆ ಒಂದು ಮಾತೂ ಆಡಲಿಲ್ಲ.